ಬೆರಳು ತೋರಿಸಿ ನಿಲ್ಲಬೇಕು

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ತಿಮ್ಮಯ್ಯ ಮೇಸ್ತ್ರಿ ಅಂಗೈಯಲ್ಲಿ ಉಳಿದಿದ್ದ ಕೊನೆಯ ಬೆಣಚುಕಲ್ಲನ್ನು ನೆಲಕ್ಕೆ ಹಾಕಿ ಕೈ ಕೊಡವಿಕೊಂಡ. ಹೊತ್ತು ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಮಕ್ಕಳ ಬಾಯಲ್ಲಿ ಗಂಟೆ ಹೇಳಿಸಲು ಸೀತಾಪತಿ ಮೇಷ್ಟ್ರು ಅದೇ ಗಳಿಗೆಯಲ್ಲಿ ನನ್ನ ಕೈಗಡಿಯಾರದ ಕಡೆ ಬೆರಳು ತೋರಿಸಿದ್ದರು. ಮಕ್ಕಳು ಒಕ್ಕೊರಲಿನಿಂದ ಇಂಗ್ಲಿಷಿನಲ್ಲಿ ಗಂಟೆ ಹೇಳಿದರು. ಮೇಷ್ಟ್ರು “ಗೋ” ಎಂದರು. ಮಕ್ಕಳು ಕಲ್ಲುಗಣಿಯೊಳಕ್ಕೆ ಇಳಿದರು.

ಮೇಷ್ಟ್ರನ್ನು ನೆನೆದಾಗ ಮೊದಲು ಕಾಣುವುದು ಆ ಬೆರಳೇ. ಬಲಗೈಯ ತೋರುಬೆರಳು. ಅದರ ಒಂದು ಮಗ್ಗುಲಿಗೆ ಸೀಮೆಸುಣ್ಣದ ಬಿಳಿ, ಇನ್ನೊಂದು ಮಗ್ಗುಲಿಗೆ ನಶ್ಯದ ಕಂದು. ಎಷ್ಟು ತೊಳೆದರೂ ಎರಡೂ ಹೋಗುತ್ತಿರಲಿಲ್ಲ. ಕರಿಯ ಕೋಟು ಬಿಸಿಲಿಗೆ ಬಾಡಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಂಚೆ ಮಾತ್ರ ಯಾವತ್ತೂ ಶುಭ್ರ. ಮನುಷ್ಯ ಗಿಡ್ಡ, ದನಿ ದೊಡ್ಡದು, ನಡಿಗೆ ನಿಧಾನ. ಆ ನಿಧಾನದ ಬಗ್ಗೆ ಆಮೇಲೆ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಆಗತಾನೇ ಬಿ.ಎಸ್‌ಸಿ. ಮುಗಿಸಿ ಜಕ್ಕೂರಿನ ದಾರಿಯಲ್ಲಿದ್ದ ಒಂದು ಮಾಧ್ಯಮಿಕ ಶಾಲೆಗೆ ವಿಜ್ಞಾನ, ಲೆಕ್ಕ ಹೇಳಿಕೊಡಲು ಸೇರಿದ್ದೆ. ಯಶವಂತಪುರದ ಚಿಕ್ಕಮ್ಮನ ಮನೆಯಲ್ಲಿ ವಾಸ. ಬೆಳಗಿನ ರೈಲಿಗೆ ಹತ್ತಿ ಯಲಹಂಕದಲ್ಲಿ ಇಳಿದು, ರಾಗಿ ಹೊಲಗಳ ನಡುವೆ ನಡೆದು ಹೋಗಬೇಕು. ಶಾಲೆಯ ಮಕ್ಕಳೆಲ್ಲ ಸುತ್ತಲ ಹಳ್ಳಿಗಳ ಒಕ್ಕಲು ಮನೆಯವರು. ತಲೆಯ ಮೇಲೆ ತರಬೇತಿಯ ಪುಟ್ಟ ವಿಮಾನಗಳು ದಿನಾ ಹಾರುತ್ತಿದ್ದವು, ಅವಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಇಂಗ್ಲಿಷ್ ಹೇಳಿಕೊಡುತ್ತಿದ್ದ ಸೀತಾಪತಿ ಮೇಷ್ಟ್ರು ಪುಸ್ತಕ ತೆರೆದು ಪದ, ಅರ್ಥ ಎಂದು ಉರು ಹೊಡೆಸಿದವರಲ್ಲ. “ಪದ ಅನ್ನೋದು ಅಂಗಡಿ ಸಾಮಾನಿದ್ದ ಹಾಗೆ ಕಣ್ರೀ ಕಮಲಮ್ಮನೋರೇ,” ಎಂದು ನಾನು ಸೇರಿದ ವಾರವೇ ಹೇಳಿದ್ದರು. “ಬೇಳೆ ಪಕ್ಕ ಬೇಳೆ, ಎಣ್ಣೆ ಪಕ್ಕ ಎಣ್ಣೆ ಜೋಡಿಸಿಟ್ರೆ ಕೈ ಹಾಕಿದ ತಕ್ಷಣ ಸಿಗತ್ತೆ. ಎಲ್ಲಾ ಒಂದೇ ಮೂಟೆಗೆ ತುಂಬಿ ಅಟ್ಟಕ್ಕೆ ಎಸೆದ್ರೆ ಇಲಿ ತಿನ್ನತ್ತೆ.” ಹಾಗಾಗಿ ಅವರ ಪಾಠ ಬೀದಿಗಳ ಪ್ರಕಾರ ನಡೆಯುತ್ತಿತ್ತು. ಒಂದು ಬೀದಿ ಎಂದರೆ ಒಂದು ವಿಷಯ. ಅಡುಗೆಮನೆ ಬೀದಿ, ಮೈಕೈ ಬೀದಿ, ರೈಲು ಬೀದಿ, ಕೆರೆ ಬೀದಿ. ಒಂದೇ ಬೀದಿಯಲ್ಲಿರುವ ಪದಗಳು ನೆರೆಹೊರೆಯವರಂತೆ ಒಂದನ್ನೊಂದು ಗುರುತಿಸುತ್ತವೆ, ಒಂದನ್ನು ಕೂಗಿದರೆ ಇನ್ನೊಂದು ಬಾಗಿಲಿಗೆ ಬರುತ್ತದೆ ಎನ್ನುವುದು ಅವರ ನಂಬಿಕೆ.

ಅಡುಗೆಮನೆ ಬೀದಿಯ ದಿನ ಅವರು ತರಗತಿಯೊಳಗೇ ಮೂರು ಕಲ್ಲಿಟ್ಟು ಒಲೆ ಹಚ್ಚಿದರು. ಹಸಿ ಸೌದೆ. ಹೆಡ್‌ಮೇಷ್ಟ್ರು ಕೆಮ್ಮುತ್ತ ಓಡಿಬಂದು, “ಏನ್ರೀ ಇದು ಸೀತಾಪತಿ, ಸ್ಕೂಲಿಗೆ ಬೆಂಕಿ ಇಟ್ರಾ?” ಎಂದಾಗ ಮಕ್ಕಳೆಲ್ಲ ಕಣ್ಣೊರೆಸಿಕೊಂಡು ಒಟ್ಟಿಗೆ ಉತ್ತರ ಕೊಟ್ಟರು: “ಸ್ಮೋಕ್! ಸ್ಮೋಕ್! ಸ್ಮೋಕ್!” ಮೇಷ್ಟ್ರು ಹೆಮ್ಮೆಯಿಂದ ನಶ್ಯ ಏರಿಸಿದರು.

ಹೊರಗೆ ಹೋದಾಗ ಅವರದೊಂದು ಕಟ್ಟಳೆ ಇತ್ತು. ಆ ಬೀದಿಗೆ ಕಾಲಿಟ್ಟ ಮೇಲೆ ಕನ್ನಡ ಬಾಯಿಂದ ಬರಕೂಡದು. ಕಂಡ ವಸ್ತುವಿಗೆ ಇಂಗ್ಲಿಷ್ ಹೆಸರು ಗೊತ್ತಿದ್ದರೆ ಹೇಳಬೇಕು. ಗೊತ್ತಿಲ್ಲದಿದ್ದರೆ ಅದರ ಪಕ್ಕ ಬೆರಳು ತೋರಿಸಿ ಸುಮ್ಮನೆ ನಿಲ್ಲಬೇಕು. ಮೇಷ್ಟ್ರು ನಡೆದು ಬಂದು ಹೆಸರು ಕೊಡುತ್ತಾರೆ. ಅದನ್ನು ಮೂರು ಸಲ ಹೇಳಿದರೆ ಆ ಪದ ನಿನ್ನದು. ತಪ್ಪಿ ಕನ್ನಡ ಆಡಿದವರಿಗೆ ಹೊಡೆತವಿಲ್ಲ, ಬೈಗುಳವಿಲ್ಲ. ಆ ದಿನದ ಬೀದಿಯಿಂದ ಹೊರಗೆ ಹೋಗಿ ಒಬ್ಬರೇ ಕೂರಬೇಕು, ಅಷ್ಟೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ರೈಲು ಬೀದಿಯ ದಿನ ಯಲಹಂಕ ನಿಲ್ದಾಣದಲ್ಲಿ ಒಬ್ಬ ಹುಡುಗ ಟಿಕೆಟ್ ಗುಮಾಸ್ತರ ಬೋಳುತಲೆಗೆ ಬೆರಳು ತೋರಿಸಿ ನಿಂತುಬಿಟ್ಟ. ಮೇಷ್ಟ್ರು ತಮ್ಮ ನಿಧಾನದ ನಡಿಗೆಯಲ್ಲಿ ಬಂದು ಗಂಭೀರವಾಗಿ “ಬಾಲ್ಡ್” ಎಂದರು. ಹುಡುಗ ಮೂರು ಸಲ ಹೇಳಿದ. “ಏನ್ ಮೇಷ್ಟ್ರೇ, ಸರ್ಕಾರಿ ನೌಕರನ ತಲೇನೂ ಪಾಠಕ್ಕೆ ತಗೊಂಡ್ರಾ?” ಎಂದರು ಗುಮಾಸ್ತರು. “ಸರ್ಕಾರದ ಸ್ವತ್ತು ಅಲ್ವೇ ಸ್ವಾಮಿ, ಮಕ್ಕಳಿಗೂ ಪಾಲಿದೆ,” ಎಂದರು ಇವರು. ನಾನು ನಕ್ಕೂ ನಕ್ಕೂ ಸೆರಗು ಬಾಯಿಗಿಟ್ಟುಕೊಂಡಿದ್ದೆ.

ಅದೇ ದಿನ ಒಬ್ಬ ಹುಡುಗಿ ಹಳಿಗಳ ನಡುವೆ ನಿಂತು ಏನನ್ನೋ ತೋರಿಸುತ್ತಿದ್ದಳು. ರೈಲು ಬರುವ ಹೊತ್ತಾಗಿರಲಿಲ್ಲ. ಮೇಷ್ಟ್ರು ಹೋಗಿ ಹೆಸರು ಕೊಟ್ಟರು, ಅವಳು ಮೂರು ಸಲ ಹೇಳಿದಳು, ಈಚೆ ಬಂದಳು. ಅವಳೇ ಗೌರಿ, ಆರನೇ ತರಗತಿ. ಅವಳು ನಿಂತ ರೀತಿ ನನಗೆ ನೆನಪಿದೆ: ಕೈ ನೀಳ, ಬಾಯಿ ಬಿಗಿ, ಕಣ್ಣು ಮಾತ್ರ ಮೇಷ್ಟ್ರ ಮೇಲೆ. ಹೇಳಿದ್ದನ್ನು ಅಷ್ಟು ಚಾಚೂ ತಪ್ಪದೆ ಪಾಲಿಸುವ ಮಗು ಆ ತರಗತಿಯಲ್ಲಿ ಇನ್ನೊಂದಿರಲಿಲ್ಲ.

ಆಮೇಲೆ ಕಲ್ಲು ಬೀದಿ ಬಂತು.

ಆ ಸೀಮೆಯಲ್ಲಿ ಮನೆಯ ಗೋಡೆ ಕಲ್ಲು, ಹೊಲದ ಬೇಲಿ ಕಲ್ಲುಚಪ್ಪಡಿ, ಬಟ್ಟೆ ಒಗೆಯುವುದು ಕಲ್ಲ ಮೇಲೆ. ಶಾಲೆಗೆ ತುಸು ದೂರದಲ್ಲೇ ಕಲ್ಲುಗಣಿ ಇತ್ತು. ಮೇಷ್ಟ್ರು ಮುಂಚಿನ ದಿನವೇ ಹೋಗಿ ತಿಮ್ಮಯ್ಯ ಮೇಸ್ತ್ರಿಯ ಜೊತೆ ಮಾತಾಡಿ ಬಂದಿದ್ದರು. ಮಧ್ಯಾಹ್ನ ಕೂಲಿಯವರು ಊಟಕ್ಕೆ ಹೋದಾಗ ಮದ್ದು ಹಾರಿಸುತ್ತಾರೆ. ಅದು ಮುಗಿಯುವ ತನಕ ಮಕ್ಕಳು ದಿಬ್ಬದ ಮೇಲಿನ ಹುಣಸೇಮರದ ಹಿಂದೆ ಇರಬೇಕು. ಮೇಸ್ತ್ರಿ ಆಯ್ತು ಎಂದ ಮೇಲೆ ಇಳಿಯಬಹುದು.

ತಿಮ್ಮಯ್ಯನಿಗೂ ಒಂದು ಪದ್ಧತಿ ಇತ್ತು. ಬಂಡೆಯಲ್ಲಿ ಎಷ್ಟು ಕುಳಿಗೆ ಮದ್ದು ತುಂಬಿದ್ದಾನೋ ಅಷ್ಟು ಬೆಣಚುಕಲ್ಲನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಬತ್ತಿಗಳಿಗೆ ಬೆಂಕಿ ಮುಟ್ಟಿಸಿ ಓಡಿಬಂದು, ಒಂದೊಂದು ಸಿಡಿತಕ್ಕೆ ಒಂದೊಂದು ಕಲ್ಲು ಕೆಳಕ್ಕೆ. ಕೈ ಖಾಲಿಯಾದರೆ ಎಲ್ಲ ಹಾರಿದೆ ಎಂದು ಅರ್ಥ. ಆ ದಿನ ಕೈಯಲ್ಲಿ ಐದು ಕಲ್ಲಿದ್ದವು.

ಮೊದಲ ಸಿಡಿತಕ್ಕೇ ಮಕ್ಕಳು ಕುಣಿದುಬಿಟ್ಟರು. ಮೇಷ್ಟ್ರು ಬೆರಳೆತ್ತಿ, “ಕೌಂಟ್!” ಎಂದರು. ಮಕ್ಕಳು ಕೂಗಿ ಎಣಿಸತೊಡಗಿದರು. ಒನ್, ಟೂ. ತಿಮ್ಮಯ್ಯನಿಗೆ ಮೋಜೆನಿಸಿತು. “ನಮ್ ಬಂಡೇಗೂ ಇಂಗ್ಲೀಸು ಬಂತಲ್ಲ ಮೇಷ್ಟ್ರೇ,” ಎಂದು ಹಲ್ಲು ಬಿಟ್ಟು, ಮಕ್ಕಳ ಒಂದೊಂದು ಕೂಗಿಗೆ ಒಂದೊಂದು ಕಲ್ಲು ಹಾಕತೊಡಗಿದ. ನಾಲ್ಕನೆಯದು ದೊಡ್ಡ ಸಿಡಿತ. ಅದರ ಸದ್ದು ಎದುರಿನ ಬಂಡೆಗೆ ಬಡಿದು ಮತ್ತೆ ಬಂತು. ಮಕ್ಕಳು “ಫೋರ್” ಎಂದರು, ಉಸಿರು ತೆಗೆದುಕೊಂಡು “ಫೈವ್” ಎಂದರು. ತಿಮ್ಮಯ್ಯನ ಕೈ ಖಾಲಿಯಾಯಿತು.

ಹನ್ನೆರಡು ನಲವತ್ತು.

ಮಕ್ಕಳು ಗಣಿಯೊಳಗೆ ಚೆದುರಿ ಹೋದರು. ಸ್ಟೋನ್, ಡಸ್ಟ್, ಹ್ಯಾಮರ್ ಎಂಬ ಕೂಗುಗಳು ಕೇಳಿಬರುತ್ತಿದ್ದವು. ನಾನು ಕಾಲು ನೋಯುತ್ತಿದ್ದ ಒಂದಿಬ್ಬರು ಮಕ್ಕಳೊಂದಿಗೆ ದಿಬ್ಬದ ಮೇಲೇ ಉಳಿದಿದ್ದೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ದೂರದ ಮೂಲೆಯಲ್ಲಿ ಗೌರಿ ಒಬ್ಬಳೇ ಬಂಡೆಯೊಂದರ ಬುಡದಲ್ಲಿ ನಿಂತಿದ್ದಳು. ಕೈ ನೀಳ, ಬಾಯಿ ಬಿಗಿ. ಏನನ್ನೋ ತೋರಿಸುತ್ತಿದ್ದಳು. ಯಾರಿಗೂ ಸಿಗದ್ದು ತನಗೆ ಸಿಕ್ಕಿದೆ ಎಂಬ ಹೆಮ್ಮೆ ಅವಳ ನಿಲುವಿನಲ್ಲೇ ಗೊತ್ತಾಗುತ್ತಿತ್ತು.

ಮೇಷ್ಟ್ರು ಅವಳನ್ನು ಕಂಡರು. ಕಂಡು, ಅವಳ ಕಡೆ ನಡೆಯತೊಡಗಿದರು. ಅದೇ ನಿಧಾನದ ನಡಿಗೆ. ದಾರಿಯಲ್ಲಿ ಒಂದು ಚಿಟಿಕೆ ನಶ್ಯ ಕೂಡ ತೆಗೆದರು. ನಾನು ಇದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಿದ್ದೇನೆ. ಒಂದು ಸಲವಾದರೂ ಅವರು ಬೇಗ ನಡೆಯುವುದಿಲ್ಲ. ಪಂಚೆಯ ಅಂಚು ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ನೋಡಿ ಇಟ್ಟು, ನಗುತ್ತ ಹೋಗುತ್ತಾರೆ. ಹುಡುಗಿಯ ಕಾಲ ಬಳಿಯಿಂದ ದಾರದಷ್ಟು ತೆಳ್ಳಗೆ ಹೊಗೆ ಏಳುತ್ತಿರುತ್ತದೆ. ದಿಬ್ಬದ ಮೇಲಿನ ನನಗೆ ಅದು ಬಿಸಿಲಿನಲ್ಲಿ ಹಾರುವ ದೂಳಿನಂತೆ ಕಾಣುತ್ತದೆ.

ಮೇಷ್ಟ್ರು ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ ನಡೆದದ್ದನ್ನು ಗೌರಿಯೇ ಬಹಳ ದಿನಗಳ ನಂತರ ನನಗೆ ಹೇಳಿದಳು. ಅವರ ಬಾಯಿಂದ ಮೊದಲು ಬಂದದ್ದು ಆ ಉರಿಯುವ ಬತ್ತಿಯ ಹೆಸರು. “ಫ್ಯೂಸ್.” ವರ್ಷಗಳ ಅಭ್ಯಾಸ, ನಾಲಗೆ ತನ್ನಷ್ಟಕ್ಕೆ ತಾನೇ ಹೆಸರು ಕೊಟ್ಟಿತ್ತು. ಹುಡುಗಿಯದೂ ಅಭ್ಯಾಸವೇ. ಅವಳು ಹೇಳತೊಡಗಿದಳು. ಫ್ಯೂಸ್. ಫ್ಯೂಸ್.

ಮೂರನೆಯ ಸಲಕ್ಕೆ ಮೇಷ್ಟ್ರು ಅವಳ ರಟ್ಟೆ ಹಿಡಿದಿದ್ದರು. “ಓಡ್ರೋ!” ಎಂದು ಅವರು ಕಿರುಚಿದ್ದು ದಿಬ್ಬದ ತನಕ ಕೇಳಿಸಿತು. ಕನ್ನಡದಲ್ಲಿ. ಬೀದಿಯೊಳಗೆ ಅವರು ತಮ್ಮೊಡನೆ ಕನ್ನಡ ಆಡಿದ್ದನ್ನು ಮಕ್ಕಳು ಯಾವತ್ತೂ ಕೇಳಿರಲಿಲ್ಲ. ನಿಂತಲ್ಲೇ ನಿಂತರು. ಒಬ್ಬ ಕಿಸಕ್ಕನೆ ನಕ್ಕ. ಮೇಷ್ಟ್ರು ಕಟ್ಟಳೆ ಮುರಿದರಲ್ಲ ಎಂದು.

ನನಗೆ ಸದ್ದು ನೆನಪಿಲ್ಲ. ಕಾಲಡಿ ನೆಲ ಒಮ್ಮೆ ಅದುರಿದ್ದು ನೆನಪಿದೆ. ಬಿಳಿಯ ಪುಡಿ ಇಳಿದ ಮೇಲೆ ಮಕ್ಕಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ಉಳಿದ ಮಕ್ಕಳು ಗಣಿಯ ಇನ್ನೊಂದು ತುದಿಯಲ್ಲಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಒಂದು ದೊಡ್ಡ ಚಪ್ಪಡಿಯ ಮರೆಯಲ್ಲಿ ಹುಣಸೆಹಣ್ಣಿನ ಬಣ್ಣದ ಕೋಟು ಕಂಡಿತು. ಅದರ ಅಡಿಯಲ್ಲಿ ಗೌರಿ ಇದ್ದಳು. ಗಲ್ಲ ತರಚಿತ್ತು, ಅಷ್ಟೇ. ಮೇಷ್ಟ್ರ ಹೆಗಲಿಗೆ ಕಲ್ಲಿನ ಚೂರು ಹೊಕ್ಕಿತ್ತು. ಎಡಗಿವಿಯಿಂದ ರಕ್ತ ಇಳಿದಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ.

ತಿಮ್ಮಯ್ಯ ಮಂಡಿಯೂರಿ ಕುಳಿತು ನೆಲದ ಮೇಲಿನ ಬೆಣಚುಕಲ್ಲುಗಳನ್ನು ಆರಿಸುತ್ತಿದ್ದ. “ಬಂಡೆ ತಿರುಗಿ ಮಾತಾಡ್ತದೆ ಅಂತ ನಂಗೊತ್ತು ಕಣವ್ವ,” ಎಂದ. “ದಿನಾ ಗೊತ್ತು. ಇವತ್ತು ಮಕ್ಳು ಏಳಿದ್ದು ಕೇಳ್ದೆ, ಬಂಡೆ ಏಳಿದ್ದು ಕೇಳ್ನಿಲ್ಲ.”

ನಾನು ಅಪಾಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಮರುವಾರ ಗೌರಿಯ ತಾಯಿ ಮುನಿಯಮ್ಮ ಶಾಲೆಗೆ ಬಂದಳು. ಮೇಷ್ಟ್ರ ಮುಂದೆ ನಿಂತು, “ಇಂಗ್ಲೀಸ್ ಕಲ್ಸಿ ಅಂತ ಕಳಿಸ್ದೆ ಕಣಪ್ಪ. ನೀನು ಅವ್ಳ ಬಾಯಿಗೆ ಬೀಗ ಆಕ್ಬುಟ್ಟೆ,” ಎಂದಳು. ಆ ದಿನದಿಂದ ಹುಡುಗಿ ಮಾತಾಡಿರಲಿಲ್ಲ. ಅನ್ನ ಬೇಕಾದರೆ ಅನ್ನಕ್ಕೆ ಬೆರಳು, ನೀರು ಬೇಕಾದರೆ ನೀರಿಗೆ ಬೆರಳು. ಅಷ್ಟಾದರೆ ಹೇಗೋ ಆಗುತ್ತಿತ್ತು. ರಾತ್ರಿ ನಿದ್ದೆಯಲ್ಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳಂತೆ. ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿ. ಅದರ ಅಂಚಿನಲ್ಲಿ ನಿಂತು ಒಳಕ್ಕೆ ಬೆರಳು ತೋರಿಸುತ್ತಾ ಇರುತ್ತಿದ್ದಳಂತೆ. “ಎರಡು ಸಲ ಇಡ್ಕಂಡ್ ಬಂದಿವ್ನಿ. ಕಾಲಿಗೆ ಸೀರೆ ತುಂಡು ಕಟ್ಕಂಡ್ ಮಲಿಕ್ಕಂತೀನಿ. ಕಣ್ಣು ಮುಚ್ಚಿದ್ರೆ ಬಾವೀನೇ ಕಾಣ್ತದೆ. ಯಾವತ್ತೋ ಒಂದಿನ ನಂಗೂ ನಿದ್ದೆ ಬತ್ತದಲ್ಲ, ಅವತ್ತು?”

ಅವಳು ಹೋದ ಮೇಲೆ ಮೇಷ್ಟ್ರು ನನ್ನ ಕಡೆಗೆ ಕೇಳುವ ಕಿವಿ ತಿರುಗಿಸಿ ಕುಳಿತು ಹೇಳಿದರು: “ಆ ಹುಡುಗಿ ನೆರೆಮನೆ ಸೂರಲ್ಲಿ ಹೊಗೆ ಕಂಡ್ರೆ ಊರಿಗೆಲ್ಲ ಕೇಳೋ ಹಾಗೆ ಕೂಗೋ ಹುಡುಗಿ ಕಣ್ರೀ. ಹುಟ್ಟಿದಾಗಿಂದ ಇದ್ದ ಮಾತು ಕಸ್ಕೊಂಡು ಕೈಗೊಂದು ಬೆರಳು ಕೊಟ್ಟೆ. ಹೊಗೆಗೆ ಹೆಸರು ಅವಳಿಗೆ ಗೊತ್ತಿತ್ತು. ನಾನೇ ಕಲಿಸಿದ್ದೆ. ಹೊಗೆ ಬುಡದಲ್ಲಿದ್ದಿದ್ದಕ್ಕೆ ಗೊತ್ತಿರಲಿಲ್ಲ. ಅದಕ್ಕೇ ಕಾಯ್ತಾ ನಿಂತಳು. ನನಗೋಸ್ಕರ.”

ಆ ಸಂಜೆಯಿಂದ ಅವರು ಗೌರಿಯ ಮನೆಗೆ ಹೋಗತೊಡಗಿದರು. ರೈಲಿಗೆ ಹೊತ್ತಿರುತ್ತಿದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಮೇಷ್ಟ್ರು ಅಂಗಳದಲ್ಲಿ ಯಾವುದಾದರೂ ವಸ್ತುವಿನ ಪಕ್ಕ ಹೋಗಿ, ಅದಕ್ಕೆ ಬೆರಳು ತೋರಿಸಿ, ಬಾಯಿ ಮುಚ್ಚಿ ನಿಲ್ಲುತ್ತಿದ್ದರು. ಕೂರಿಗೆ, ಕೊಟ್ಟಿಗೆಯ ಗೂಟ, ಒನಕೆ. ಅವರೇ ಹಾಕಿದ ಕಟ್ಟಳೆ, ಈಗ ಅವರೇ ಮಗು. ಹೆಸರು ಕೊಡಬೇಕಾದವಳು ಅವಳು. ಗೌರಿ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು, ಮಾತಿಲ್ಲ. ಮೇಷ್ಟ್ರು ಕತ್ತಲಾಗುವ ತನಕ ನಿಂತು, ಕೋಟು ಕೊಡವಿ ಹೊರಡುತ್ತಿದ್ದರು. “ಸೋರೆ ಬಳ್ಳಿಗೆ ಒಳ್ಳೆ ಬೆದರುಬೊಂಬೆ ಸಿಕ್ತು ಮುನಿಯಕ್ಕ, ಕೂಲೀನೂ ಕೇಳಲ್ಲ,” ಎಂದು ಪಕ್ಕದ ಮನೆಯವಳು ಬೇಲಿಯಾಚೆಯಿಂದ ಅಂದದ್ದು ಅವರ ಕೇಳುವ ಕಿವಿಗೇ ಬಿತ್ತು. ಅವರು ಬೆರಳು ಇಳಿಸಲಿಲ್ಲ.

ಒಂದು ದಿನ ಹುಡುಗಿಗೆ ಬೇಸರ ಬಂದಿರಬೇಕು. ಮೇಷ್ಟ್ರು ತುಂಬ ಹೊತ್ತಿನಿಂದ ಸಗಣಿ ಹೊರುವ ಬುಟ್ಟಿಗೆ ಬೆರಳು ತೋರಿಸಿ ನಿಂತಿದ್ದರು. “ಮಂಕ್ರಿ,” ಎಂದಳು, ಸಿಟ್ಟಿನಿಂದ, ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಮೇಷ್ಟ್ರು ಅವಳ ತುಟಿಯನ್ನೇ ನೋಡುತ್ತಿದ್ದರು. “ಮಂಕ್ರಿ, ಮಂಕ್ರಿ, ಮಂಕ್ರಿ,” ಎಂದು ಒಪ್ಪಿಸಿದರು. ಮುನಿಯಮ್ಮ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಆದರೆ ಅದೊಂದೇ ಪದ. ಆ ರಾತ್ರಿಯೂ ಹುಡುಗಿ ಎದ್ದು ಹಿತ್ತಲ ಬಾಗಿಲ ತನಕ ಹೋಗಿದ್ದಳು. ಹಾಗೇ ದಿನಕ್ಕೊಂದು ಪದ, ಎರಡು ಪದ. ಹಗಲು ಮಾತು ಮರಳುತ್ತಿತ್ತು, ಇರುಳು ಬಾವಿ ಕರೆಯುತ್ತಲೇ ಇತ್ತು. ಯಶವಂತಪುರದಲ್ಲಿ ನಾನು ಎದ್ದು ಕೂತು ಆ ತಾಯಿ ಎಚ್ಚರವಾಗಿರಲಿ ಎಂದುಕೊಳ್ಳುತ್ತಿದ್ದೆ. ನಮ್ಮ ಚಿಕ್ಕಮ್ಮ ನನಗೆ ದೃಷ್ಟಿ ತೆಗೆದರು.

ಆಮೇಲಿನ ಸಂಜೆ ನಾನು ಮರೆಯಲಾರದ್ದು. ಮೇಷ್ಟ್ರು ಅಂಗಳದಲ್ಲಿ ನಿಲ್ಲದೆ ನೇರ ಹಿತ್ತಲಿಗೆ ನಡೆದರು. ಹುಡುಗಿ ಹಿಂದೆ ಹೋದಳು, ನಾವೂ ಹೋದೆವು. ಹಿಂದಿನ ದಿನ ಮಳೆ ಬಂದು ನೆಲ ತೊಯ್ದಿತ್ತು. ಮೇಷ್ಟ್ರು ಬಾವಿಯ ಅಂಚಿಗೆ ಹೋಗಿ, ಚಪ್ಪಲಿಯ ಮೊನೆ ಅಂಚಿನಾಚೆ ಚಾಚುವಷ್ಟು ಹತ್ತಿರ ನಿಂತು, ಕೆಳಗೆ ನೀರಿಗೆ ಬೆರಳು ತೋರಿಸಿದರು. ಬಾಯಿ ಮುಚ್ಚಿದ್ದರು. ಕಣ್ಣು ಹುಡುಗಿಯ ಮೇಲೆ. ಅವರ ಪಾದದ ಕೆಳಗಿನ ಮಣ್ಣು ಒಂದಿಷ್ಟು ಕುಸಿದು, ನೀರಿಗೆ ಬಿದ್ದ ಸದ್ದು ಕೇಳಿತು. ಸದ್ದಾದದ್ದು ಅವರ ಕೇಳದ ಕಿವಿಯ ಕಡೆ. ಅವರಿಗದು ಗೊತ್ತಾಯಿತೋ ಇಲ್ಲವೋ, ಬೇಕೆಂದೇ ಅಲ್ಲಿ ನಿಂತರೋ, ಇಂದಿಗೂ ನನಗೆ ತಿಳಿಯದು.

“ಮೇಷ್ಟ್ರೇ, ಇಂದಕ್ ಬನ್ನಿ! ಮಣ್ಣು ಜಾರ್ತದೆ, ಬಿದ್ದೋಯ್ತೀರ! ಬನ್ನಿ ಇಂದಕ್ಕೆ!”

ಗೌರಿ ಕೂಗಿದ್ದು ಊರಿಗೆಲ್ಲ ಕೇಳಿಸಿರಬೇಕು. ಕೂಗುತ್ತಲೇ ಹೋಗಿ ಅವರ ಕೋಟು ಹಿಡಿದು ಎಳೆದಳು. ಮೇಷ್ಟ್ರು ಹಿಂದಕ್ಕೆ ಬಂದರು. ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ಆ ದಿನ ಅವರು ಯಾವ ಪದವನ್ನೂ ಮೂರು ಸಲ ಹೇಳಲಿಲ್ಲ.

ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಕೊನೆಯ ಸಲ ಕಂಡದ್ದು ಯಶವಂತಪುರ ನಿಲ್ದಾಣದಲ್ಲಿ, ರೈಲಿನ ಕಿಟಕಿಯಲ್ಲಿ. ಹೆಸರು ಹಿಡಿದು ಕೂಗಿದೆ. ನನ್ನ ಕಡೆಗಿದ್ದದ್ದು ಎಡಗಿವಿ. ರೈಲು ಹೊರಟುಹೋಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ವರ್ಷವೇ ಕಳೆದಿತ್ತು. ಆದರೂ ನಾನು ಅವರನ್ನು ಆ ಕಿಟಕಿಯಲ್ಲಿ ಬಿಡಲಾರೆ. ಬಾವಿಯ ಸಂಜೆಯ ಮಾರನೆಯ ದಿನದಲ್ಲಿ ಬಿಡುತ್ತೇನೆ.

ಅಂದು ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಮುನಿಯಮ್ಮ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮಡಿಲಲ್ಲಿ ಅವರೆಕಾಯಿ. “ಮಲಿಕ್ಕಂತು ಕಣಪ್ಪ,” ಎಂದಳು. “ಕೋಳಿ ಕೂಗಿದ್ರೂ ಏಳ್ನಿಲ್ಲ. ನಾನೇ ಅಲುಗಾಡ್ಸಿ ಎಬ್ಬುಸ್ದೆ. ಬೈತು ನಂಗೆ.” ಮೇಷ್ಟ್ರು ತಲೆಯಾಡಿಸಿದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಮ್ಮ ಕೋಣೆಯ ಮೇಜಿನ ಮೇಲೆ ತಲೆಯಿಟ್ಟವರು, ಗಂಟೆ ಹೊಡೆದರೂ ಏಳಲಿಲ್ಲ. ಕೇಳುವ ಕಿವಿ ಮೇಜಿಗೆ ಒತ್ತಿತ್ತು. ಅವರ ಬೆರಳು ಮಡಚಿಕೊಂಡಿದ್ದನ್ನು ನಾನು ಮೊದಲ ಸಲ ನೋಡಿದೆ.

ಅವರ ತರಗತಿಗೆ ಹೋಗಲೆಂದು ಎದ್ದೆ. ಬಾಗಿಲಲ್ಲಿ ಗೌರಿ ನಿಂತಿದ್ದಳು. ಮೇಷ್ಟ್ರು ಯಾಕೆ ಬರಲಿಲ್ಲವೆಂದು ನೋಡಿಬರಲು ತರಗತಿಯವರು ಕಳಿಸಿದ್ದರು. ಅವಳು ಒಳಗೆ ಇಣುಕಿ, ಕೈ ನೀಳ ಮಾಡಿ ಅವರ ಕಡೆ ಬೆರಳು ತೋರಿಸಿದಳು. ಗಣಿಯಲ್ಲಿ ನಿಂತಿದ್ದದ್ದು ಹಾಗೆಯೇ.

“ಮೇಷ್ಟ್ರು ಮಲಗವ್ರೆ,” ಎಂದಳು, ಯಾರಿಗೂ ಕಾಯದೆ. “ಎಬ್ಬಿಸ್ಬ್ಯಾಡಿ ಟೀಚರಮ್ಮ. ನಾನು ಎಲ್ರಿಗೂ ಏಳ್ತೀನಿ, ಗಲಾಟೆ ಮಾಡ್ಬ್ಯಾಡಿ ಅಂತ.” ಹೇಳಲು ಓಡಿದಳು.

ಆ ರಾತ್ರಿ ನಾನೂ ಮಲಗಿದೆ. ಎಚ್ಚರವಾದಾಗ ಬಿಸಿಲು ಚಿಕ್ಕಮ್ಮನ ತುಳಸಿಕಟ್ಟೆಯ ಮೇಲಿತ್ತು, ನನ್ನ ರೈಲು ಹೋಗಿತ್ತು.